ಸೇಕ್ರೆಡ್ ಎಂಬ ಇಂಗ್ಲಿಷ್ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ದಿನನಿತ್ಯದ ಕೆಲಸ. ಜಾಸ್ತಿ ಕಾಡಿದ ಪದಗಳ ಪಟ್ಟಿ ಮಾಡಿದರೆ ‘ಸೇಕ್ರೆಡ್’ ಮೊದಲ ಹತ್ತರಲ್ಲಿ ಬರುತ್ತದೆ. ನೋಡೋಕೆ ಸುಲಭದ ಪದ. ‘ಪವಿತ್ರ’ ಎಂದು ಬರೆದು ಮುಂದೆ ಹೋಗಬಹುದು. ನಾನೂ ಎಷ್ಟೋ ಸಲ ಹಾಗೇ ಹೋಗಿದ್ದೇನೆ. ಆದರೆ ನಾಲ್ಕು ಸಾಲು ದಾಟುವಷ್ಟರಲ್ಲಿ ಆ ‘ಪವಿತ್ರ’ ಎಲ್ಲೋ ಎಡವುತ್ತದೆ. ಗೆಳೆಯರು, ವಿದ್ಯಾರ್ಥಿಗಳು, ಜೊತೆಗೆ ಕೆಲಸ ಮಾಡುವವರು ಈ ಪದದ ಬಗ್ಗೆ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಸೇಕ್ರೆಡ್ ಅಂದರೆ ಸರಳವಾಗಿ ಏನು?

ದೇವರಿಗಾಗಿ, ಅಥವಾ ದೇವರಷ್ಟೇ ದೊಡ್ಡದು ಎಂದು ಜನ ನಂಬಿದ ಯಾವುದಕ್ಕಾದರೂ ಎತ್ತಿಟ್ಟದ್ದು. ‘ಎತ್ತಿಟ್ಟದ್ದು’ ಎಂಬುದರಲ್ಲೇ ಇಡೀ ಪದ ಇದೆ.

ಒಂದು ಕಲ್ಲು ಹತ್ತು ಕಲ್ಲುಗಳ ನಡುವೆ ಬಿದ್ದಿದೆ ಅಂದುಕೊಳ್ಳಿ. ಯಾರೋ ಬಂದು ಅದನ್ನು ಎತ್ತಿ ನಿಲ್ಲಿಸುತ್ತಾರೆ. ಇನ್ನು ಇದು ದೇವರದ್ದು ಅನ್ನುತ್ತಾರೆ. ಆಮೇಲೆ ಅದರ ಮೇಲೆ ಕೂರುವ ಹಾಗಿಲ್ಲ, ಬಟ್ಟೆ ಒಗೆಯುವ ಹಾಗಿಲ್ಲ, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ಕಲ್ಲು ನಿನ್ನೆಯದೇ, ತೂಕವೂ ಅಷ್ಟೇ ಇದೆ. ಅದಕ್ಕೂ ಜನರಿಗೂ ಇದ್ದ ಸಂಬಂಧ ಮಾತ್ರ ಬದಲಾಯಿತು. ಆ ಸಂಬಂಧಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಸೇಕ್ರೆಡ್.

ಉಚ್ಚಾರಣೆ ಹೇಗೆ? ಸೇಕ್ರೆಡ್ಡೋ, ಸ್ಯಾಕ್ರೆಡ್ಡೋ?

‘ಸೇಕ್ರಿಡ್’ ಎಂಬುದು ಹತ್ತಿರದ ಉಚ್ಚಾರಣೆ. ‘ಸೇ’ ಮೇಲೆ ಒತ್ತು, ಕೊನೆಯದನ್ನು ತೇಲಿಸಿ ಬಿಡಬೇಕು. ಕನ್ನಡದಲ್ಲಿ ಬರೆಯುವಾಗ ‘ಸೇಕ್ರೆಡ್’ ಎಂದೇ ರೂಢಿ, ಇಲ್ಲೂ ಹಾಗೇ ಬರೆಯುತ್ತೇನೆ. ‘ಸ್ಯಾಕ್ರೆಡ್’ ತಪ್ಪು. ಆದರೆ ಈ ತಪ್ಪು ಸುಮ್ನೆ ಹುಟ್ಟಿದ್ದಲ್ಲ. ಇದೇ ಮನೆತನದ ಸ್ಯಾಕ್ರಿಫೈಸ್, ಸ್ಯಾಕ್ರಮೆಂಟ್, ಸ್ಯಾಕ್ರಿಲೆಜ್ ಎಲ್ಲವೂ ‘ಸ್ಯಾ’ದಿಂದಲೇ ಶುರುವಾಗುತ್ತವೆ. ನಾಲಿಗೆ ಅದೇ ದಾರಿ ಹಿಡಿಯುತ್ತದೆ.

ಕೊನೆಯ ‘ಇ-ಡಿ’ಯನ್ನೂ ಗಮನಿಸಿ. ವಾಕ್ಡ್, ಲಾಫ್ಡ್ ಎನ್ನುವಾಗ ಅಲ್ಲಿನ ಸ್ವರ ನುಂಗಿಹೋಗುತ್ತದೆ. ಸೇಕ್ರೆಡ್, ನೇಕೆಡ್, ವಿಕೆಡ್, ರಗೆಡ್ ಇವುಗಳಲ್ಲಿ ಅದು ಉಳಿಯುತ್ತದೆ.

ಈ ಪದ ಎಲ್ಲಿಂದ ಬಂತು?

ಆ ಬಾಲದ ‘ಇ-ಡಿ’ಯಿಂದಲೇ ಶುರು ಮಾಡೋಣ. ಹಳೆಯ ಇಂಗ್ಲಿಷಿಗೂ ಈಗಿನ ಇಂಗ್ಲಿಷಿಗೂ ನಡುವಿನ ಕಾಲದಲ್ಲಿ ‘ಸಾಕ್ರೆನ್’ ಎಂಬ ಕ್ರಿಯಾಪದ ಬಳಕೆಯಲ್ಲಿತ್ತು. ದೇವರಿಗೆ ಅರ್ಪಿಸು, ಪ್ರತಿಷ್ಠೆ ಮಾಡು ಎಂದು ಅರ್ಥ. ಅದು ಫ್ರೆಂಚಿನಿಂದ ಬಂದದ್ದು, ಫ್ರೆಂಚಿಗೆ ಲ್ಯಾಟಿನ್ನಿನಿಂದ. ಕೊನೆಗೆ ಹೋಗಿ ಮುಟ್ಟುವುದು ‘ಸಕೆರ್’ ಎಂಬ ಲ್ಯಾಟಿನ್ ಪದವನ್ನು. ಕಾಲ ಕಳೆದಂತೆ ಇಂಗ್ಲಿಷಿನಲ್ಲಿ ಆ ಕ್ರಿಯಾಪದ ಸತ್ತುಹೋಯಿತು. ‘ಮಾಡಿದ’, ‘ಇಟ್ಟ’ ಎನ್ನುವ ಹಾಗಿನ ಅದರ ಭೂತಕಾಲದ ರೂಪ ಮಾತ್ರ ಬದುಕಿತು. ಅದೇ ಸೇಕ್ರೆಡ್. ಅಂದರೆ ‘ಅರ್ಪಿಸಿದ’. ಯಾರೋ ಅರ್ಪಿಸಿರಲೇಬೇಕು ಎಂಬುದು ಪದದ ಮೈಯಲ್ಲೇ ಇದೆ.

ರೋಮನ್ನರು ಇದನ್ನು ಕಾನೂನಿನ ವಿಷಯ ಎಂದೇ ನೋಡಿದ್ದರು. 2ನೇ ಶತಮಾನದ ಕಾನೂನು ಪಂಡಿತ ಗಾಯಸ್ ದೇವರ ಪಾಲಿನ ವಸ್ತುಗಳನ್ನು ಬೇರೆ ಬೇರೆ ಮಾಡಿ ಹೇಳಿದ್ದಾನೆ. ಮೇಲಿನ ದೇವತೆಗಳಿಗೆ ಅರ್ಪಿಸಿದ ಗುಡಿ, ಬಲಿಪೀಠ ಇವೆಲ್ಲ ‘ಸಕೆರ್’. ಸತ್ತವರ ಲೋಕಕ್ಕೆ ಬಿಟ್ಟುಕೊಟ್ಟದ್ದು, ಅಂದರೆ ಸಮಾಧಿ, ‘ರೆಲಿಜಿಯೋಸುಸ್’. ಊರಿನ ಗೋಡೆ, ಹೆಬ್ಬಾಗಿಲು ‘ಸಾಂಕ್ಟುಸ್’. ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ನಿಮ್ಮ ಜಮೀನಿನಲ್ಲಿ ನಿಮ್ಮವರನ್ನು ಹೂತರೆ ಆ ಜಾಗ ತಾನಾಗಿ ‘ರೆಲಿಜಿಯೋಸುಸ್’ ಆಗುತ್ತಿತ್ತು, ಯಾರ ಅಪ್ಪಣೆಯೂ ಬೇಡ. ಆದರೆ ‘ಸಕೆರ್’ ಆಗಬೇಕಾದರೆ ಒಬ್ಬರ ಇಷ್ಟ ಸಾಲದು. ರೋಮನ್ ಜನತೆಯ ಅಧಿಕಾರ ಬೇಕು, ಒಂದು ಕಾನೂನೋ ಸೆನೆಟ್ಟಿನ ನಿರ್ಣಯವೋ ಆಗಬೇಕು. ದೇವರ ಪಾಲಿಗೆ ಬಿಡುವುದಕ್ಕೂ ಕಾಗದಪತ್ರ!

‘ಸಕೆರ್’ ಎಂದರೆ ಶಾಪಗ್ರಸ್ತ ಎಂಬ ಅರ್ಥವೂ ಇತ್ತಂತೆ, ನಿಜವೇ?

ನಿಜ. ಲ್ಯಾಟಿನ್ನಿನಲ್ಲಿ ಎರಡೂ ಅರ್ಥ ಒಂದೇ ಪದದಲ್ಲಿ ಇದ್ದವು. ಕೆಲವು ದೊಡ್ಡ ಅಪರಾಧ ಮಾಡಿದವನನ್ನು ರೋಮನ್ನರು ‘ಹೋಮೋ ಸಕೆರ್’ ಎಂದು ಸಾರುತ್ತಿದ್ದರು. ಅವನನ್ನು ಯಾರು ಕೊಂದರೂ ಕೊಲೆ ಅಲ್ಲ. ಆದರೆ ಅವನನ್ನು ದೇವರಿಗೆ ಬಲಿ ಕೊಡುವ ಹಾಗೂ ಇರಲಿಲ್ಲ. ಮನುಷ್ಯರ ಲೆಕ್ಕದಿಂದ ಹೊರಗೆ ಹಾಕಿದ್ದಾಯಿತು, ಅಷ್ಟೇ.

ಮೊದಲ ಸಲ ಓದಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಪವಿತ್ರವೂ ಅದೇ, ಶಾಪವೂ ಅದೇ ಅಂದರೆ ಹೇಗೆ? ‘ಎತ್ತಿಟ್ಟದ್ದು’ ಎಂದು ಓದಿಕೊಂಡರೆ ಗಂಟು ಬಿಚ್ಚಿಕೊಳ್ಳುತ್ತದೆ. ಮುಟ್ಟಬಾರದು ಎಂದು ಬೇರೆ ಇಟ್ಟದ್ದಕ್ಕೆ ಎರಡು ಕಾರಣ ಇರಬಹುದು: ತುಂಬ ದೊಡ್ಡದು ಎಂದು, ಇಲ್ಲವೇ ತುಂಬ ಕೆಟ್ಟದ್ದು ಎಂದು. ಗೆರೆ ಒಂದೇ.

ಬೇರೆ ಭಾಷೆಗಳಲ್ಲೂ ಇದೇ ಕತೆ. ಅರಬ್ಬಿಯಲ್ಲಿ ಮೆಕ್ಕಾದ ದೊಡ್ಡ ಮಸೀದಿಯ ಹೆಸರಲ್ಲಿರುವ ‘ಹರಾಮ್’ಗೂ, ಮಾಡಬಾರದ್ದು ಎಂಬ ಅರ್ಥದ ‘ಹರಾಮ್’ಗೂ ಬೇರು ಒಂದೇ. 1777ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಟೊಂಗಾ ದ್ವೀಪಗಳಲ್ಲಿ ಕೇಳಿ ಬರೆದುಕೊಂಡ ‘ಟಬೂ’ ಕೂಡ ಹೀಗೇ: ದೇವರದ್ದು, ಆದ್ದರಿಂದ ಮುಟ್ಟಬೇಡ. ಇಂಗ್ಲಿಷಿಗೆ ಬಂದ ಮೇಲೆ ಅದರಲ್ಲಿ ‘ಮುಟ್ಟಬೇಡ’ ಮಾತ್ರ ಉಳಿಯಿತು.

ಫ್ರೆಂಚರದ್ದು ಇನ್ನೂ ತಮಾಷೆ. ಅವರ ‘ಸಾಕ್ರೆ’ ನಾಮಪದ ಆದ ಮೇಲೆ ಬಂದರೆ ದೇವರದ್ದು, ನಾಮಪದಕ್ಕಿಂತ ಮೊದಲೇ ಬಂದರೆ ಬೈಗುಳ. ಕೆನಡಾದ ಕ್ವಿಬೆಕ್ಕಿನಲ್ಲಿ ಬೈಗುಳಗಳಿಗೇ ‘ಸಾಕ್ರ್’ ಎಂದು ಹೆಸರು. ಚರ್ಚಿನ ಪೀಠದ ಮೇಲಿರುವ ಪಾತ್ರೆ, ಪೆಟ್ಟಿಗೆಗಳ ಹೆಸರುಗಳನ್ನೇ ಅಲ್ಲಿ ಬೈಯಲು ಬಳಸುತ್ತಾರೆ.

ಹೋಲಿ ಮತ್ತು ಸೇಕ್ರೆಡ್ ಎರಡೂ ಒಂದೇ ಅಲ್ವಾ?

ಈ ಪ್ರಶ್ನೆ ವಾರಕ್ಕೊಮ್ಮೆ ಬರುತ್ತದೆ. ನಿಘಂಟು ತೆರೆದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟಿರುತ್ತಾರೆ, ಅದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡಿ. ‘ಗಾಡ್ ಈಸ್ ಹೋಲಿ’ ಎನ್ನುತ್ತಾರೆ. ‘ಗಾಡ್ ಈಸ್ ಸೇಕ್ರೆಡ್’ ಎಂದು ಇಂಗ್ಲಿಷಿನವರು ಹೇಳುವುದು ಕಾಣೆ. ದೇವರನ್ನು ಯಾರು ಯಾರಿಗೆ ಎತ್ತಿಡುವುದು? ಹಾಗೆಯೇ ‘ಹೋಲಿ ಮ್ಯಾನ್’ ಉಂಟು, ‘ಸೇಕ್ರೆಡ್ ಮ್ಯಾನ್’ ಕಿವಿಗೆ ಹಿಡಿಸುವುದಿಲ್ಲ. ಒಳಗಿನಿಂದ ಬರುವ ಗುಣ ಹೋಲಿ. ಹೊರಗಿನಿಂದ ಕೊಟ್ಟ ಸ್ಥಾನ ಸೇಕ್ರೆಡ್. ಅದಕ್ಕೇ ಜನ, ದೇವರು, ಆತ್ಮ ಇವಕ್ಕೆ ಹೋಲಿ ಜಾಸ್ತಿ ಒಗ್ಗುತ್ತದೆ. ವಸ್ತು, ಜಾಗ, ಗ್ರಂಥ, ಸಂಗೀತ, ಕರ್ತವ್ಯ ಇವಕ್ಕೆ ಸೇಕ್ರೆಡ್.

ಬೇರೂ ಇದನ್ನೇ ಹೇಳುತ್ತದೆ. ಹೋಲಿ ಅಪ್ಪಟ ಇಂಗ್ಲಿಷ್ ನೆಲದ ಪದ, ಹಳೆಯ ರೂಪ ‘ಹಾಲಿಗ್’. ಇಡಿಯಾದದ್ದು ಎಂಬ ‘ಹೋಲ್’, ಆರೋಗ್ಯದ ‘ಹೆಲ್ತ್’, ವಾಸಿಯಾಗುವ ‘ಹೀಲ್’ ಎಲ್ಲ ಇದರ ಅಣ್ಣತಮ್ಮಂದಿರು. ನಮ್ಮ ರಜೆಯ ‘ಹಾಲಿಡೇ’ ಅಂದರೆ ಹೋಲಿ ಡೇ. ಅಕ್ಟೋಬರ್ 31ರ ‘ಹ್ಯಾಲೋವೀನ್’ ಒಳಗೂ ಇದೇ ಪದ ಮುದುಡಿ ಕೂತಿದೆ: ಮಾರನೇ ದಿನ ಎಲ್ಲ ಸಂತರ ಹಬ್ಬ, ಇದು ಅದರ ಹಿಂದಿನ ಸಂಜೆ.

ಇಷ್ಟು ಹೇಳಿದ ಮೇಲೂ ಒಪ್ಪಿಕೊಳ್ಳಬೇಕು, ರೂಢಿ ನಿಯಮವನ್ನು ಲೆಕ್ಕಿಸುವುದಿಲ್ಲ. ಅರಳಿ ಮರ ಇಂಗ್ಲಿಷಿನಲ್ಲಿ ‘ಸೇಕ್ರೆಡ್ ಫಿಗ್’, ತಾವರೆ ‘ಸೇಕ್ರೆಡ್ ಲೋಟಸ್’, ತುಳಸಿ ಮಾತ್ರ ‘ಹೋಲಿ ಬೇಸಿಲ್’. ಯಾಕೆ ಎಂದರೆ ಹಾಗೇ ಎನ್ನಬೇಕಷ್ಟೆ. ಯುರೋಪಿನ ಹಳೆಯ ಸಾಮ್ರಾಜ್ಯ ‘ಹೋಲಿ ರೋಮನ್ ಎಂಪೈರ್’ ಹೆಸರು ಇನ್ನೊಂದು ಮಜಾ. 1157ರಲ್ಲಿ ಚಕ್ರವರ್ತಿ ಫ್ರೆಡೆರಿಕ್ ಬಾರ್ಬರೋಸಾನ ಕಾಲದಲ್ಲಿ ಆ ಸಾಮ್ರಾಜ್ಯಕ್ಕೆ ಲ್ಯಾಟಿನ್ನಿನಲ್ಲಿ ಸೇರಿಸಿದ ಪದ ‘ಸಕ್ರುಮ್’. ಲೆಕ್ಕದ ಪ್ರಕಾರ ‘ಸೇಕ್ರೆಡ್’ ಆಗಬೇಕಿತ್ತು. ಇಂಗ್ಲಿಷಿನಲ್ಲಿ ಹೋಲಿ ಆಗಿ ಕೂತಿತು.

ಇನ್ನು ಅಚ್ಚರಿಗೆ ‘ಹೋಲಿ ಕೌ’, ‘ಹೋಲಿ ಸ್ಮೋಕ್’ ಎನ್ನುತ್ತಾರೆ. ಅಲ್ಲಿ ಸೇಕ್ರೆಡ್ ಹಾಕಿದರೆ ನಗುತ್ತಾರೆ.

ಕನ್ನಡದಲ್ಲಿ ಸೇಕ್ರೆಡ್‌ಗೆ ‘ಪವಿತ್ರ’ ಸಾಕಾಗುವುದಿಲ್ಲವೇ?

ಅರ್ಧ ಕಡೆ ಸಾಕು. ಇನ್ನರ್ಧ ಕಡೆ ಸಾಲದು. ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈ ಪುಟ ಬರೆದದ್ದೇ ಇದಕ್ಕೆ.

‘ಪವಿತ್ರ’ದ ಬೇರು ಸಂಸ್ಕೃತದ ‘ಪೂ’, ಶುದ್ಧ ಮಾಡು ಎಂದು ಅರ್ಥ. ಋಗ್ವೇದದಲ್ಲಿ ‘ಪವಿತ್ರ’ ಅಂದರೆ ಸೋಮರಸ ಸೋಸುವ ಜರಡಿ. ಕುರಿಯ ಉಣ್ಣೆಯಿಂದ ಮಾಡಿದ ಸೋಸುಕ. ಕಸ ಮೇಲೆ ಉಳಿದು, ತಿಳಿ ಕೆಳಗೆ ಇಳಿಯುವುದು. ಅಲ್ಲಿಂದ ಇಲ್ಲಿಯವರೆಗೂ ಪದ ಆ ಗುಣ ಬಿಟ್ಟಿಲ್ಲ. ಪವಿತ್ರ ಅಂದ ತಕ್ಷಣ ನಮ್ಮ ಮನಸ್ಸಿಗೆ ಬರುವುದು ನಿರ್ಮಲ, ಕೊಳೆ ಇಲ್ಲದ್ದು. ಅದರ ಎದುರು ಪದ ಅಪವಿತ್ರ, ಮೈಲಿಗೆ. ಸೇಕ್ರೆಡ್‌ನ ಎದುರು ನಿಲ್ಲುವುದು ಕೊಳೆ ಅಲ್ಲ, ‘ಮಾಮೂಲಿ’.

ಒಂದು ವಾಕ್ಯದಿಂದ ಇದು ಗೊತ್ತಾಗುತ್ತದೆ. ‘ದ ಸೇಕ್ರೆಡ್ ರಿವರ್ ಈಸ್ ಪೊಲ್ಯೂಟೆಡ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ದುಃಖದ ಸುದ್ದಿ, ಆದರೆ ಭಾಷೆಯಲ್ಲಿ ತೊಡಕಿಲ್ಲ. ‘ಪವಿತ್ರ ನದಿ ಕಲುಷಿತವಾಗಿದೆ’ ಎಂದು ಬರೆದು ನೋಡಿ. ಎರಡು ಪದ ಒಂದನ್ನೊಂದು ಗುದ್ದುತ್ತವೆ, ಅಲ್ವಾ? ಓದುವವರಿಗೆ ವ್ಯಂಗ್ಯ ಕೇಳಿಸುತ್ತದೆ. ಮೂಲದಲ್ಲಿ ವ್ಯಂಗ್ಯ ಇರಲಿಲ್ಲ.

ಹಾಗಾದರೆ ‘ಎತ್ತಿಟ್ಟದ್ದು’ ಎಂಬ ಅರ್ಥಕ್ಕೆ ಕನ್ನಡದಲ್ಲಿ ಪದವೇ ಇಲ್ಲವೇ? ಬೇಕಾದಷ್ಟಿದೆ. ‘ಮೀಸಲು’ ಇದೆ. ‘ಮುಡಿಪು’ ಇದೆ. ದೇವರಿಗೆಂದು ಬೇರೆ ತೆಗೆದಿಟ್ಟದ್ದು ಮೀಸಲು, ಅದನ್ನು ಇನ್ನಾರೂ ಮುಟ್ಟುವ ಹಾಗಿಲ್ಲ. ಹರಕೆಯ ಹಣವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟದ್ದು ಮುಡಿಪು. ಮನೆಯಲ್ಲಿ ಎಷ್ಟೇ ಕಷ್ಟ ಬಂದರೂ ಆ ಗಂಟು ಬಿಚ್ಚುವುದಿಲ್ಲ. ರೋಮನ್ನರ ‘ಸಕೆರ್’ಗೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ‘ಬದುಕನ್ನೇ ಮುಡಿಪಾಗಿಟ್ಟರು’ ಎನ್ನುವಾಗ ಈಗಲೂ ನಾವು ಅದೇ ಅರ್ಥದಲ್ಲಿ ಬಳಸುತ್ತೇವೆ.

ತೊಂದರೆ ಏನೆಂದರೆ ‘ಮೀಸಲು’ ಈಗ ಸರ್ಕಾರದ ಪದ ಆಗಿಬಿಟ್ಟಿದೆ. ಒಮ್ಮೆ ‘ಸೇಕ್ರೆಡ್ ಗ್ರೋವ್’ ಎಂಬುದಕ್ಕೆ ಉತ್ಸಾಹದಲ್ಲಿ ‘ಮೀಸಲು ಕಾಡು’ ಎಂದು ಬರೆದೆ. ಕರಡು ಓದಿದ ಗೆಳೆಯ ಕೇಳಿದ: ‘ಇದು ಅರಣ್ಯ ಇಲಾಖೆಯದ್ದಾ?’ ಮುಗಿಯಿತು. ‘ದೇವರಕಾಡು’ ಎಂಬ ಪದ ಕೈಯಳತೆಯಲ್ಲೇ ಇತ್ತು, ನಾನು ನೋಡಿರಲಿಲ್ಲ.

ಅಲ್ಲಿಂದ ಕಲಿತದ್ದು: ಹಿಂದೆ ಸುಮ್ನೆ ‘ದೇವರ’ ಎಂದು ಹಚ್ಚಿದರೆ ಎಷ್ಟೋ ಸಲ ಕೆಲಸ ಆಗುತ್ತದೆ. ದೇವರ ಗುಡ್ಡ, ದೇವರ ಮರ, ದೇವರ ಹೆಸರು. ‘ಸೇಕ್ರೆಡ್ ಪ್ಲೇಸ್’ ಯಾತ್ರೆಯ ಜಾಗವಾದರೆ ‘ಪುಣ್ಯಕ್ಷೇತ್ರ’. ‘ಸೇಕ್ರೆಡ್ ಟೆಕ್ಸ್ಟ್’ ಎಂಬುದಕ್ಕೆ ‘ಧರ್ಮಗ್ರಂಥ’ ಸಾಕು, ‘ಪವಿತ್ರ ಪಠ್ಯ’ ಅಂದರೆ ಶಾಲೆಯ ಪುಸ್ತಕದ ನೆನಪಾಗುತ್ತದೆ. ‘ಸೇಕ್ರೆಡ್ ಥ್ರೆಡ್’ ಎಂದರೆ ‘ಜನಿವಾರ’. ಅದನ್ನು ‘ಪವಿತ್ರ ದಾರ’ ಎಂದು ಬರೆದವರನ್ನು ನೋಡಿದ್ದೇನೆ, ಕನ್ನಡ ಬಲ್ಲವರೇ! ‘ಸೇಕ್ರೆಡ್ ಡ್ಯೂಟಿ’ಗೆ ‘ಪರಮ ಕರ್ತವ್ಯ’ ಒಗ್ಗುತ್ತದೆ.

‘ಶುಭ’, ‘ಮಂಗಳ’ ಇವನ್ನು ಇಲ್ಲಿ ತರಬೇಡಿ. ಅವು ‘ಆಸ್ಪಿಶಸ್’ನ ಪಾಲು. ಅದರ ಮೂಲ ಹಕ್ಕಿ ನೋಡಿ ಶಕುನ ಹೇಳುವುದು. ಶುಭ ಮುಹೂರ್ತ ಬಂದು ಹೋಗುತ್ತದೆ. ಮುಡಿಪು ಅಲ್ಲೇ ಇರುತ್ತದೆ.

ಧರ್ಮಕ್ಕೆ ಸಂಬಂಧವೇ ಇಲ್ಲದ ಕಡೆಯೂ ಸೇಕ್ರೆಡ್ ಬಳಸುತ್ತಾರಲ್ಲ?

ಧಾರಾಳವಾಗಿ. ‘ಮೈ ಮಾರ್ನಿಂಗ್ ವಾಕ್ ಈಸ್ ಸೇಕ್ರೆಡ್’ ಎಂದರೆ ಬೆಳಗಿನ ನಡಿಗೆಗೆ ಪೂಜೆ ಮಾಡುತ್ತಾರೆ ಎಂದಲ್ಲ. ಆ ಹೊತ್ತನ್ನು ಬೇರೆ ಯಾವುದಕ್ಕೂ ಬಿಟ್ಟುಕೊಡುವುದಿಲ್ಲ ಎಂದು. ಮತ್ತೆ ಅದೇ ಎತ್ತಿಡುವ ಅರ್ಥ. ‘ಬೆಳಗಿನ ವಾಕಿಂಗ್ ಮಾತ್ರ ತಪ್ಪಿಸುವವನಲ್ಲ’ ಎಂದು ಬರೆದರೆ ಕನ್ನಡ.

‘ಈಸ್ ನಥಿಂಗ್ ಸೇಕ್ರೆಡ್?’ ಎಂಬ ಮಾತು ಸಿನಿಮಾಗಳಲ್ಲಿ ಬೇಕಾದಷ್ಟು ಬರುತ್ತದೆ. ಅಡಿಬರಹದಲ್ಲಿ ‘ಯಾವುದೂ ಪವಿತ್ರವಲ್ಲವೇ?’ ಎಂದು ಕಂಡರೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ನಮ್ಮಲ್ಲಿ ಜನ ಹೇಳುವುದು ‘ಇವರು ಯಾವುದನ್ನೂ ಬಿಡೋದೇ ಇಲ್ವಾ?’ ಎಂದು.

ರಾಜಕೀಯದಲ್ಲಿ ಈ ಪದಕ್ಕೆ ದೊಡ್ಡ ಇತಿಹಾಸ ಇದೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಥಾಮಸ್ ಜೆಫರ್ಸನ್ ಈ ಸತ್ಯಗಳು ‘ಸೇಕ್ರೆಡ್ ಅಂಡ್ ಅನ್‌ಡಿನೈಯಬಲ್’ ಎಂದು ಬರೆದಿದ್ದ. ಆಮೇಲೆ ಅದನ್ನು ಹೊಡೆದು ‘ಸೆಲ್ಫ್-ಎವಿಡೆಂಟ್’ ಮಾಡಿದರು. ಒಂದು ಪದದ ತಿದ್ದುಪಡಿ, ಆದರೆ ನೆಲವೇ ಬದಲಾಯಿತು. ಸೇಕ್ರೆಡ್ ಎಂದರೆ ‘ಯಾರು ಹಾಗೆ ಮಾಡಿದ್ದು?’ ಎಂಬ ಪ್ರಶ್ನೆ ಏಳುತ್ತದೆ. ತಾನೇ ಕಾಣುವ ಸತ್ಯಕ್ಕೆ ಆ ಪ್ರಶ್ನೆ ಇಲ್ಲ. ಪದ ಪೂರ್ತಿ ಹೋಗಲಿಲ್ಲ ಅನ್ನಿ. ಘೋಷಣೆಯ ಕೊನೆಯಲ್ಲಿ ಸಹಿ ಹಾಕಿದವರು ಜೀವ, ಸಂಪತ್ತಿನ ಜೊತೆ ಪಣಕ್ಕಿಟ್ಟದ್ದು ತಮ್ಮ ‘ಸೇಕ್ರೆಡ್ ಆನರ್’ ಅನ್ನು.

‘ಸೇಕ್ರೆಡ್ ಟ್ರಸ್ಟ್’ ಎಂಬ ಮಾತು ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಒಡಂಬಡಿಕೆಯ 22ನೇ ವಿಧಿಯಲ್ಲಿದೆ. 1945ರ ವಿಶ್ವಸಂಸ್ಥೆಯ ಸನ್ನದಿನ 73ನೇ ವಿಧಿಯಲ್ಲೂ ಇದೆ. ಎರಡೂ ಕಡೆ ವಿಷಯ ಒಂದೇ: ಇನ್ನೂ ತಮ್ಮನ್ನು ತಾವು ಆಳಿಕೊಳ್ಳದ ನಾಡುಗಳ ಜನರನ್ನು ನೋಡಿಕೊಳ್ಳುವುದು. ಆಳುತ್ತಿದ್ದವರೇ ತಮ್ಮ ಆಳ್ವಿಕೆಗೆ ಸೇಕ್ರೆಡ್ ಎಂದು ಹೆಸರು ಕೊಟ್ಟುಕೊಂಡರು. ನಾನಾದರೆ ಇಲ್ಲಿ ‘ಪವಿತ್ರ’ ಹಾಕುವುದಿಲ್ಲ, ‘ಕೈಗೊಪ್ಪಿಸಿದ ಹೊಣೆ’ ಎಂದು ಏನಾದರೂ ಬರೆಯುತ್ತೇನೆ.

‘ಸೇಕ್ರೆಡ್ ಕೌ’ ಅಂದರೆ ಗೋಮಾತೆಯೇ?

ಮೂಲ ಅಲ್ಲಿಂದಲೇ, ಹಿಂದೂಗಳು ಹಸುವಿಗೆ ಕೊಡುವ ಗೌರವ ನೋಡಿ ಹುಟ್ಟಿದ್ದು. ಆದರೆ ನುಡಿಗಟ್ಟಾಗಿ ಅದರಲ್ಲಿ ಗೌರವ ಇಲ್ಲ, ಕೊಂಕು ಇದೆ. ಯಾರೂ ಪ್ರಶ್ನೆ ಮಾಡಬಾರದು ಎಂದು ಕಾಪಾಡಿಕೊಂಡು ಬಂದ ಸಂಗತಿ, ಪದ್ಧತಿ, ವ್ಯಕ್ತಿ ಯಾವುದಾದರೂ ಸೇಕ್ರೆಡ್ ಕೌ. ‘ಬಜೆಟ್ಟಿನಲ್ಲಿ ಈ ಖಾತೆ ಸೇಕ್ರೆಡ್ ಕೌ’ ಎಂದರೆ ಅದಕ್ಕೆ ಕತ್ತರಿ ಹಾಕುವ ಧೈರ್ಯ ಯಾರಿಗೂ ಇಲ್ಲ ಎಂದು. ಇದನ್ನು ‘ಪವಿತ್ರ ಗೋವು’ ಎಂದು ಅನುವಾದ ಮಾಡಿದರೆ ಓದುಗರು ನಿಜವಾದ ಹಸುವನ್ನು ಹುಡುಕುತ್ತಾರೆ. ‘ಯಾರೂ ಕೈ ಹಾಕದ ವಿಷಯ’ ಎಂದರೆ ಸಾಕು.

ಅಂದ ಹಾಗೆ, ಅಮೆರಿಕದ ಅಧ್ಯಕ್ಷರಿಗಾಗಿಯೇ ಕಟ್ಟಿದ ಮೊದಲ ವಿಮಾನದ ಅಡ್ಡಹೆಸರು ‘ಸೇಕ್ರೆಡ್ ಕೌ’. 1945ರ ಫೆಬ್ರವರಿಯಲ್ಲಿ ರೂಸ್‌ವೆಲ್ಟ್ ಯಾಲ್ಟಾ ಸಮ್ಮೇಳನಕ್ಕೆ ಹೋದದ್ದು ಅದರಲ್ಲಿ. ಅಮೆರಿಕದ ವಾಯುಪಡೆಯನ್ನು ಪ್ರತ್ಯೇಕ ಪಡೆಯಾಗಿ ಮಾಡಿದ 1947ರ ಕಾಯ್ದೆಗೆ ಟ್ರೂಮನ್ ಸಹಿ ಹಾಕಿದ್ದೂ ಅದೇ ವಿಮಾನದೊಳಗೆ.

‘ಸ್ಯಾಕ್ರೋಸ್ಯಾಂಕ್ಟ್’ ಇನ್ನೂ ದೊಡ್ಡ ಸೇಕ್ರೆಡ್ಡೇ?

ಹುಟ್ಟಿನಲ್ಲಿ ಹೌದು, ‘ಸಕೆರ್’ ಮತ್ತು ‘ಸಾಂಕ್ಟುಸ್’ ಎರಡನ್ನೂ ಸೇರಿಸಿ ಹೊಲಿದ ಪದ. ರೋಮ್‌ನ ಸಾಮಾನ್ಯ ಜನರ ಪ್ರತಿನಿಧಿಗಳಾದ ಟ್ರಿಬ್ಯೂನರಿಗೆ ಈ ರಕ್ಷಣೆ ಇತ್ತು. ಅವರ ಮೈಮೇಲೆ ಕೈ ಮಾಡಿದವನನ್ನು ಕೊಲ್ಲಬಹುದಿತ್ತು. ಈಗ ಅದರಲ್ಲಿ ದೇವರ ವಾಸನೆಯೂ ಉಳಿದಿಲ್ಲ. ‘ಭಾನುವಾರ ಸ್ಯಾಕ್ರೋಸ್ಯಾಂಕ್ಟ್’ ಎಂದರೆ ಆಫೀಸಿನಿಂದ ಫೋನ್ ಮಾಡಬೇಡಿ ಎಂದು.

ಇದೇ ಬೇರಿನ ಬೇರೆ ಪದಗಳು ಯಾವುವು?

ಸ್ಯಾಕ್ರಿಫೈಸ್ ಅಂದರೆ ಅಕ್ಷರಶಃ ‘ಸಕೆರ್ ಮಾಡುವುದು’. ಕೊಲ್ಲುವ ಮಾತೇ ಪದದಲ್ಲಿಲ್ಲ, ದೇವರ ಪಾಲು ಮಾಡುವುದಷ್ಟೇ. ಕಾನ್ಸಿಕ್ರೇಟ್ ಎಂದರೆ ಪ್ರತಿಷ್ಠಾಪಿಸು, ಡೆಸಿಕ್ರೇಟ್ ಎಂದರೆ ಅದನ್ನು ಕೆಡಿಸು. ಸ್ಯಾಕ್ರಮೆಂಟ್ ಈಗ ಕ್ರೈಸ್ತ ಸಂಸ್ಕಾರ, ಕ್ಯಾಥೊಲಿಕ್ ಚರ್ಚಿನಲ್ಲಿ ಅಂಥವು 7. ಆದರೆ ರೋಮ್‌ನಲ್ಲಿ ಅದು ಸೈನಿಕರು ಮಾಡುತ್ತಿದ್ದ ಪ್ರಮಾಣ. ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊ ಹೆಸರೂ ಇದೇ.

ಎಲ್ಲಕ್ಕಿಂತ ವಿಚಿತ್ರ ‘ಸೇಕ್ರಮ್’. ಬೆನ್ನುಮೂಳೆಯ ಬುಡದಲ್ಲಿ 5 ಕಶೇರುಗಳು ಕೂಡಿಕೊಂಡು ಆಗುವ ತ್ರಿಕೋನದ ಎಲುಬು. ನೀವೀಗ ಕೂತಿದ್ದರೆ ಕುರ್ಚಿಯ ಹಿಂಭಾಗಕ್ಕೆ ತಾಗಿರುತ್ತದೆ. ಗ್ರೀಕರು ಅದನ್ನು ‘ಹಿಯೆರಾನ್ ಆಸ್ಟಿಯಾನ್’, ದೇವರ ಎಲುಬು ಎಂದು ಕರೆದರು. ಲ್ಯಾಟಿನ್ನಿನವರು ಅದನ್ನೇ ಅನುವಾದ ಮಾಡಿಕೊಂಡರು. ಬಲಿಯಲ್ಲಿ ಆ ಭಾಗ ದೇವರಿಗೆ ಹೋಗುತ್ತಿತ್ತು ಎಂಬುದು ಒಂದು ವಿವರಣೆ.

ಸ್ಯಾಕ್ರಿಲೀಜಸ್ ಎಂಬುದರ ಒಳಗೆ ‘ರಿಲಿಜಸ್’ ಇದೆಯೇ?

ಇಲ್ಲ, ಕಾಗುಣಿತ ತಪ್ಪುವುದು ಇಲ್ಲೇ. ‘ಎಸ್-ಎ-ಸಿ-ಆರ್-ಐ-ಎಲ್-ಇ-ಜಿ’ ಎಂದು ಬರಬೇಕು, ‘ಐ’ ಮೊದಲು ‘ಇ’ ಆಮೇಲೆ. ರಿಲಿಜಸ್ ಪದದಲ್ಲಿ ಇದು ತಿರುಗುಮುರುಗು. ಈಗ ಅದರ ಅರ್ಥ ದೇವರಿಗೆ ಅಪಚಾರ ಮಾಡುವಂಥದ್ದು ಎಂದು. ಮೂಲ ಅರ್ಥ ದೇವರ ವಸ್ತುವನ್ನು ಎತ್ತಿಕೊಂಡು ಹೋಗುವವನು, ಅಂದರೆ ಗುಡಿಗಳ್ಳ.

ಸೇಕ್ರೆಡ್‌ನ ವಿರುದ್ಧ ಪದ ಯಾವುದು? ಸೆಕ್ಯುಲರ್?

ಎರಡಿವೆ. ಬೈಯದೆ ಹೇಳಬೇಕಾದರೆ ಸೆಕ್ಯುಲರ್: ‘ಸೇಕ್ರೆಡ್ ಮ್ಯೂಸಿಕ್’ ಒಂದು ಕಡೆ, ‘ಸೆಕ್ಯುಲರ್ ಮ್ಯೂಸಿಕ್’ ಇನ್ನೊಂದು ಕಡೆ. ಪಂಡಿತರ ಬರವಣಿಗೆಯಲ್ಲಿ ಪ್ರೊಫೇನ್. ಅದರ ಅರ್ಥ ‘ಗುಡಿಯ ಮುಂದೆ’, ಅಂದರೆ ಒಳಗೆ ಹೋಗದೆ ಹೊರಗೆ ಉಳಿದದ್ದು. ‘ಫಾನುಮ್’ ಎಂದರೆ ಗುಡಿ. ಫ್ಯಾನಟಿಕ್ ಕೂಡ ಅದೇ ಗುಡಿಯಿಂದ ಬಂದ ಪದ. 1912ರಲ್ಲಿ ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ ಧರ್ಮ ಎಂದರೇನು ಎಂದು ವಿವರಿಸುವಾಗ ದೇವರನ್ನು ನೆಚ್ಚಿಕೊಳ್ಳಲಿಲ್ಲ. ಸೇಕ್ರೆಡ್, ಪ್ರೊಫೇನ್ ಎಂಬ ಭಾಗವನ್ನೇ ಹಿಡಿದ. ಬೇರೆ ಇಟ್ಟದ್ದು, ಮುಟ್ಟಬಾರದ್ದು, ಅದೇ ಸೇಕ್ರೆಡ್ ಎಂದ. ಈಗಿನ ಇಂಗ್ಲಿಷಿನಲ್ಲಿ ಪ್ರೊಫೇನ್ ಎಂದರೆ ಹೊಲಸು ಮಾತು ಎಂಬ ಅರ್ಥವೇ ಜಾಸ್ತಿ, ಆದ್ದರಿಂದ ನೋಡಿಕೊಂಡು ಬಳಸಿ.

ವ್ಯಾಕರಣದಲ್ಲಿ ಗಮನಿಸಬೇಕಾದ್ದು ಏನಾದರೂ ಇದೆಯೇ?

ಸ್ವಲ್ಪ ಇದೆ. ಹೋಲಿಕೆಗೆ ‘ಮೋರ್ ಸೇಕ್ರೆಡ್’, ‘ಮೋಸ್ಟ್ ಸೇಕ್ರೆಡ್’. ಹೋಲಿಯರ್, ಹೋಲಿಯೆಸ್ಟ್ ಥರ ಬಾಲ ಹಚ್ಚುವಂತಿಲ್ಲ. ನಾಮಪದ ಸೇಕ್ರೆಡ್‌ನೆಸ್, ಆದರೆ ಸ್ಯಾಂಕ್ಟಿಟಿ ಎಂದು ಬರೆದರೆ ಹೆಚ್ಚು ಸಲೀಸು.

ಯಾರಿಗೆ ಸೇಕ್ರೆಡ್ ಎಂದು ಹೇಳಲು ‘ಟು’ ಬಳಸಬೇಕು, ‘ಫಾರ್’ ಅಲ್ಲ. ಲಾರೆಲ್ ಗಿಡ ‘ಸೇಕ್ರೆಡ್ ಟು ಅಪೊಲೊ’. ಹಳೆಯ ಇಂಗ್ಲಿಷ್ ಸಮಾಧಿಗಳ ಮೊದಲ ಸಾಲು ನೋಡಿ: ‘ಸೇಕ್ರೆಡ್ ಟು ದ ಮೆಮರಿ ಆಫ್’. ಕೆಳಗೆ ಹೆಸರು, ವಯಸ್ಸು, ಹಡಗಿನ ಅಥವಾ ಪಡೆಯ ಹೆಸರು. ಈ ಪದ್ಧತಿ ಎಷ್ಟು ಹಳೆಯದೆಂದರೆ ರೋಮನ್ ಸಮಾಧಿಗಳ ಮೇಲೆ ‘ಡಿ-ಎಂ-ಎಸ್’ ಎಂಬ 3 ಅಕ್ಷರ ಕೆತ್ತಿರುತ್ತಿದ್ದರು. ಸತ್ತವರ ಆತ್ಮಗಳಿಗೆ ‘ಸಕ್ರುಮ್’ ಎಂದು ಅದರ ಅರ್ಥ. ಇಲ್ಲೂ ‘ಪವಿತ್ರ’ ಹೊಂದುವುದಿಲ್ಲ. ‘ನೆನಪಿಗೆ ಮುಡಿಪು’ ಹೇಗೆ ಕೂರುತ್ತದೆ ನೋಡಿ.

ಬೇರೆಯವರ ನಂಬಿಕೆಯ ಬಗ್ಗೆ ಬರೆಯುವಾಗ ‘ಸೇಕ್ರೆಡ್’ ಎನ್ನಬೇಕೋ, ‘ಸೇಕ್ರೆಡ್ ಎಂದು ನಂಬಲಾದ’ ಎನ್ನಬೇಕೋ?

ಸುದ್ದಿ ಬರೆಯುವವರು ಕೇಳುವ ಪ್ರಶ್ನೆ. ನನ್ನ ಉತ್ತರ: ಯಾರಿಗೆ ಎಂದು ಹೇಳಿ, ಸಾಕು. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 295ನೇ ಕಲಮಿನ ಮಾತು ‘ಹೆಲ್ಡ್ ಸೇಕ್ರೆಡ್ ಬೈ ಎನಿ ಕ್ಲಾಸ್ ಆಫ್ ಪರ್ಸನ್ಸ್’ ಎಂದು ಇತ್ತು. ವಸ್ತುವಿನ ಒಳಗೆ ಏನಿದೆ ಎಂದು ಆ ಕಾನೂನು ಇಣುಕುತ್ತಿರಲಿಲ್ಲ. ಅದನ್ನು ಹಾಗೆ ಕಾಣುವ ಜನ ಇದ್ದಾರೆಯೇ ಎಂದಷ್ಟೇ ಕೇಳುತ್ತಿತ್ತು.

ಆಸ್ಟ್ರೇಲಿಯಾದ ಉಲುರು ಬಂಡೆಯನ್ನೇ ತೆಗೆದುಕೊಳ್ಳಿ. ಅದು ಅಲ್ಲಿನ ಅನಂಗು ಜನರಿಗೆ ಸೇಕ್ರೆಡ್. ಹತ್ತಬೇಡಿ ಎಂದು ಅವರು ವರ್ಷಗಟ್ಟಲೆ ಕೇಳಿಕೊಂಡರು. ಪ್ರವಾಸಿಗರಿಗೆ ಅದು ಬರೀ ದೊಡ್ಡ ಕೆಂಪು ಬಂಡೆ, ಹತ್ತುತ್ತಲೇ ಇದ್ದರು. 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ಪೂರ್ತಿ ನಿಲ್ಲಿಸಿದರು. ‘ಅನಂಗು ಜನರ ದೇವರ ಬಂಡೆ’ ಎಂದು ಬರೆದರೆ ಆಯಿತು. ‘ಎನ್ನಲಾದ’, ‘ನಂಬಲಾದ’ ಎಂದು ಸೇರಿಸಿದರೆ ಬರೆಯುವವನ ಅನುಮಾನ ಇಣುಕುತ್ತದೆ.

ಟೈಪ್ ಮಾಡುವಾಗ ಸೇಕ್ರೆಡ್ ಹೋಗಿ ಸ್ಕೇರ್ಡ್ ಆಗುತ್ತದಲ್ಲ, ಏನು ಮಾಡುವುದು?

ಆ 6 ಅಕ್ಷರಗಳೇ ಎರಡರಲ್ಲೂ ಇರುವುದು. ‘ಎ’ ಮತ್ತು ‘ಸಿ’ ಜಾಗ ಬದಲಿಸಿದರೆ ದೇವರದ್ದು ಹೋಗಿ ಹೆದರಿದ್ದು ಆಗುತ್ತದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಎಷ್ಟೋ ಸಲ ಕಂಪ್ಯೂಟರ್ ಕೆಂಪು ಗೆರೆಯನ್ನೂ ಎಳೆಯುವುದಿಲ್ಲ. ಒಮ್ಮೆ ಒಂದು ಫಲಕಕ್ಕೆ ಇಂಗ್ಲಿಷ್ ಸಾಲು ಬರೆದುಕೊಟ್ಟೆ: ಇದು ಸೇಕ್ರೆಡ್ ಜಾಗ, ಚಪ್ಪಲಿ ಬಿಟ್ಟು ಬನ್ನಿ. ರಾತ್ರಿ ಹನ್ನೊಂದಕ್ಕೆ, ಕಣ್ಣು ಎಳೆಯುತ್ತಿರುವಾಗ ಬರೆದದ್ದು. ಫಲಕ ನಿಂತ ಮೇಲೆ ಫೋಟೊ ಬಂತು. ‘ದಿಸ್ ಈಸ್ ಎ ಸ್ಕೇರ್ಡ್ ಪ್ಲೇಸ್’. ಹೆದರಿಕೊಂಡ ಜಾಗ. ತಪ್ಪು ನನ್ನದೇ. ಈಗ ಬರೆದು ಮುಗಿಸಿದ ಮೇಲೆ ಫೈಲಿನಲ್ಲಿ ‘ಸ್ಕೇರ್ಡ್’ ಎಂದು ಹುಡುಕಿ ನೋಡುತ್ತೇನೆ. ವರ್ಷಕ್ಕೆ ಒಂದೆರಡಾದರೂ ಸಿಗುತ್ತವೆ.